ನಿಲ್ಲಲು ಬಾರದ ರೋಬೋಟು

ಮೊನ್ನೆ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತ ಕುಳಿತಿದ್ದೆ. ಎದುರಿನ ಬೆಂಚಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಕೈಯಲ್ಲಿ ಏನನ್ನೋ ತಿರುಚುತ್ತಿದ್ದಳು. ಟಕ್, ಟಕ್, ಕಿರ್ರ್, ಮತ್ತೆ ಟಕ್. ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವಳಾಗಿದ್ದೆ: ಮೊದಲ ಎರಡು ಟಕ್ ಆಟಿಕೆ ಕಾರಿನ ಬಾಗಿಲುಗಳು ರೋಬೋಟಿನ ತೋಳುಗಳಾದದ್ದು, ಕಿರ್ರ್ ಎಂದದ್ದು ಸೊಂಟ ತಿರುಗಿದ್ದು, ಕೊನೆಯದು ತಲೆ ಹೊರಗೆ ಬಂದದ್ದು. ಹಲ್ಲುನೋವು ಮರೆತೇ ಹೋಯಿತು. ಕಾಪುವಿನ ನಮ್ಮ ಮನೆಯ ಜಗಲಿ, ಅದರ ಕೆಂಪು ನೆಲದ ತಂಪು, ಬಿಸಿಲಿಗೆ ಹರಡಿದ ಬಲೆಗಳ ಉಪ್ಪು ವಾಸನೆ, ಎಲ್ಲವೂ ಒಟ್ಟಿಗೆ ಬಂದು ಎದುರು ಕುಳಿತವು. ನಿಮಗೂ ಹೀಗೆ ಆಗುತ್ತದಲ್ಲವೇ? ಕರೆದಾಗ ಬಾರದ ನೆನಪು ಯಾರದೋ ಮಗುವಿನ ಕೈಯಿಂದ ಸದ್ದು ಮಾಡುತ್ತ ಬಂದುಬಿಡುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಒಂಬತ್ತು ವರ್ಷ. ನಮ್ಮದು ದೀಪಸ್ತಂಭ ಕಾಣುವಷ್ಟು ಹತ್ತಿರ ಇದ್ದ ಹಂಚಿನ ಮನೆ. ಸ್ವಂತ ದೋಣಿಯಿದ್ದ ಅಜ್ಜ, ಬುಟ್ಟಿಯಲ್ಲಿ ಮೀನು ಹೊತ್ತು ಮಾರ್ಕೆಟಿಗೆ ಹೋಗುತ್ತಿದ್ದ ಅಜ್ಜಿ, ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಭಾಸ್ಕರ ಮಾವ, ಎಲ್ಲರಿಗೂ ಅನ್ನ ಬೇಯಿಸಿ ಎಲ್ಲರಿಗೂ ಬೈಯುತ್ತಿದ್ದ ನನ್ನ ಅಮ್ಮ. ಬೇಸಿಗೆ ರಜೆಯಲ್ಲಿ ಕಾರ್ಕಳದಿಂದ ಚಿಕ್ಕಮ್ಮನ ಮಗ ಅಶೋಕ ಬರುತ್ತಿದ್ದ. ನನಗಿಂತ ಒಂದು ವರ್ಷ ಸಣ್ಣವನು, ಮಾತು ಕಡಿಮೆ. ಅವನ ಅಪ್ಪ ಬಹರೈನಿನಲ್ಲಿದ್ದರು. ಹೋಗಿ ಎರಡು ವರ್ಷ ದಾಟಿತ್ತು. ಆ ವರ್ಷ ಅಶೋಕ ಟವೆಲಿನಲ್ಲಿ ಸುತ್ತಿ ಒಂದು ರೋಬೋಟ್ ಕಾರು ತಂದಿದ್ದ. ಅವನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ, ಅದನ್ನು ಊರಿಗೆ ಬರುವ ಯಾರದೋ ಕೈಯಲ್ಲಿ ಕಳಿಸಿದ್ದರು.

ಅಯ್ಯೋ, ಅದರ ಚಂದವೇ! ನಮ್ಮ ಜಾತ್ರೆಯ ತಗಡಿನ ಕಾರುಗಳಂತೆ ಬೆರಳು ಕೊಯ್ಯುವ ಅಂಚುಗಳೇ ಇರಲಿಲ್ಲ. ಅಂಗೈ ತುಂಬುವಷ್ಟು ದೊಡ್ಡದು, ಕೆಂಪು ಲೋಹದ ಮೈ, ನಿಜವಾದ ರಬ್ಬರಿನ ಚಕ್ರ. ಮುಚ್ಚಿಟ್ಟಾಗ ಅದರ ಹೊಟ್ಟೆಯಲ್ಲೊಬ್ಬ ಮನುಷ್ಯನಿದ್ದಾನೆ ಎಂದು ಯಾರಿಗೂ ಗುಮಾನಿ ಬರುವಂತಿರಲಿಲ್ಲ. ಬಾಗಿಲು ತೆರೆದು ಎಳೆದರೆ ತೋಳು. ಎದುರಿನ ಗಾಜು ಎದೆಯಾಗುತ್ತಿತ್ತು. ಮುಂಭಾಗದ ಬಾನೆಟ್ಟು ಎರಡಾಗಿ ಸೀಳಿ ಕೆಳಗಿಳಿದರೆ ಎರಡು ಪಾದ. ಒಂದೇ ಒಂದು ಭಾಗವನ್ನೂ ಕಳಚಿ ಪಕ್ಕಕ್ಕಿಡುವ ಕೆಲಸವಿಲ್ಲ. ಭಾಸ್ಕರ ಮಾವ ಅದನ್ನು ಹತ್ತು ಸಲ ಬಿಚ್ಚಿ ಹತ್ತು ಸಲ ಮಡಚಿ, "ಇದನ್ನು ಮಾಡಿದವನ ಕೈಗೆ ಮುತ್ತು ಕೊಡಬೇಕು ಮಾರಾಯ" ಎಂದಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ. ಅಮ್ಮನಿಂದ ಬೈಗುಳ ತಿಂದರು.

ಆದರೆ ಅದು ನಿಲ್ಲುತ್ತಿರಲಿಲ್ಲ. ಕಾರಾಗಿ ಜಗಲಿಯ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ರೋಬೋಟಾಗಿ ನಿಲ್ಲಿಸಿದರೆ ಮಾತ್ರ ಕುಡಿದವರ ಹಾಗೆ ಹಿಂದಕ್ಕೆ ವಾಲಿ ಅಂಗಾತ ಬೀಳುತ್ತಿತ್ತು. ಒಂದು ಸಂಜೆ ಬಲೆಗಳ ಮರೆಯಲ್ಲಿ ಕುಳಿತು ಅಶೋಕ ನನಗೆ ಗುಟ್ಟು ಹೇಳಿದ. ಚಿಕ್ಕಪ್ಪ ನೀಲಿ ಏರ್‌ಮೇಲ್ ಕಾಗದದಲ್ಲಿ, "ರೋಬೋಟು ನಿಲ್ಲುತ್ತದಾ ಮಗಾ?" ಎಂದು ಕೇಳಿದ್ದರಂತೆ. ಇವನು, "ಚಂದ ನಿಲ್ಲುತ್ತದೆ, ದಿನಾ ನಿಲ್ಲಿಸಿ ಆಡುತ್ತೇನೆ" ಎಂದು ಬರೆದುಬಿಟ್ಟಿದ್ದ. ಈಗ ಚಿಕ್ಕಪ್ಪ ರಜೆಯಲ್ಲಿ ಬರುವವರಿದ್ದರು. ಮೊದಲು ಬಂದಿಳಿಯುವುದು ನಮ್ಮ ಮನೆಯಲ್ಲೇ.

"ಬಂದ ಕೂಡಲೇ ನಿಲ್ಲಿಸಿ ತೋರಿಸು ಅಂತಾರೆ" ಎಂದ. "ಅಷ್ಟು ದೂರದಿಂದ ಕಳಿಸಿದ್ದು ಹಾಳು ಅಂತ ಗೊತ್ತಾದರೆ ಅವರಿಗೆ ಎಂತ ಅನ್ನಿಸಬಹುದು?" ಅವನಿಗೆ ಪೆಟ್ಟಿನ ಹೆದರಿಕೆಯಿರಲಿಲ್ಲ, ಅಪ್ಪನ ಮುಖ ಬಾಡೀತೆಂಬ ಹೆದರಿಕೆ. ನನ್ನ ಹೊಟ್ಟೆಯಲ್ಲಿ ಗುಟ್ಟು ಎಂದೂ ನಿಂತದ್ದಲ್ಲ. ಒಂದು ಗಂಟೆಯೊಳಗೆ ಇಡೀ ಮನೆಗೆ ಸುದ್ದಿ ಮುಟ್ಟಿತ್ತು. ಯಾರೂ ನಗಲಿಲ್ಲ. ಮರುದಿನದಿಂದ ಅದು ಮನೆಯವರೆಲ್ಲರ ಕೆಲಸವಾಯಿತು.

ಮೊದಲು ಕೈ ಹಾಕಿದವರು ಅಜ್ಜ. ಮಳೆಗಾಲ ಹತ್ತಿರವಾಗಿ ದೋಣಿಯನ್ನು ದಡಕ್ಕೆಳೆದು, ಮರ ಒಡೆಯದಂತೆ ಮೈಗೆಲ್ಲ ಬೂತಾಯಿ ಮೀನಿನ ಎಣ್ಣೆ ತಿಕ್ಕುವ ದಿನಗಳವು. ಅಜ್ಜನ ಪ್ರಕಾರ ಲೋಕದಲ್ಲಿ ಆ ಎಣ್ಣೆಯಿಂದ ಸರಿಯಾಗದ ವಸ್ತುವಿಲ್ಲ. ನಾವು ಗಂಜಿ ಉಂಡು ಬರುವಷ್ಟರಲ್ಲಿ, "ಕೀಲು ಬಿಗಿ ಉಂಟು, ಅದಕ್ಕೇ ಬೀಳುವುದು" ಎಂದು ದೋಣಿಯ ಜೊತೆ ರೋಬೋಟಿಗೂ ಧಾರಾಳವಾಗಿ ಎಣ್ಣೆ ಕುಡಿಸಿದ್ದರು. ಕೀಲು ಬಿಗಿಯಾಗಿದ್ದುದೇ ಅದರ ಬಲವಾಗಿತ್ತು. ಈಗ ಎತ್ತಿದ ತೋಳು ಇಳಿಯಿತು, ಸೊಂಟ ಜಾರಿತು, ತಲೆ ತಾನಾಗಿ ಒಳಗೆ ಹೋಯಿತು. ಎದೆಯ ಮೇಲಿನ ಬೆಳ್ಳಿ ಬಣ್ಣದ ಸ್ಟಿಕ್ಕರು ಕಿತ್ತು ಅಜ್ಜನ ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಬೆಕ್ಕು ಬಂದು ಮೂಸಿತು. ಚಿಕ್ಕಪ್ಪ ಬರಲು ನಾಲ್ಕೇ ದಿನ. ಅಶೋಕ ಕಂಬಕ್ಕೆ ಮುಖ ಕೊಟ್ಟು ಅತ್ತ. ಬಿರುಗಾಳಿಯಲ್ಲೂ ದೋಣಿ ತಿರುಗಿಸಿದ ಅಜ್ಜ ಆ ದಿನ ಅಂಗಳದಲ್ಲಿ ತಪ್ಪು ಮಾಡಿದ ಮಗುವಿನ ಹಾಗೆ ನಿಂತಿದ್ದರು. ಅಜ್ಜಿ, "ನಿಮ್ಮ ಎಣ್ಣೆಯನ್ನು ನಿಮ್ಮ ಮಂಡಿಗೆ ಹಚ್ಚಿಕೊಳ್ಳಿ" ಎಂದು ಒಳಗೆ ಹೋದರು.

ಭಾಸ್ಕರ ಮಾವ ರೋಬೋಟನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಎಂಜಿನ್ನಿನ ಭಾಗಗಳನ್ನು ತೊಳೆಯುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರು. ಕೀಲುಗಳಿಗೆ ಹಿಡಿತ ಮರಳಿತು. ಆಮೇಲೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಅದು ಬೀಳುವುದನ್ನೇ ಬಹಳ ಹೊತ್ತು ನೋಡಿದರು. ಒಮ್ಮೆಲೇ ಎದ್ದು ಕುಳಿತು, "ನೋಡಿ, ಕಾರಿನ ಹಿಂಭಾಗ ಪೂರ್ತಿ ಇವನ ಬೆನ್ನ ಮೇಲೆ ಉಂಟು. ಮುಂದೆ ಟೊಳ್ಳು ಪಾದ ಮಾತ್ರ. ಹಿಂದೆ ಎಂಜಿನ್ ಕಟ್ಟಿ ಮುಂದೆ ಭಾರ ಹಾಕದಿದ್ದರೆ ದೋಣಿ ಮೂತಿ ಎತ್ತುವುದಿಲ್ವಾ? ಅದೇ ಇದು" ಎಂದರು. ದೋಣಿಯಾದರೆ ಮೂತಿಯಲ್ಲಿ ಮರಳಿನ ಚೀಲ ಇಡಬಹುದು. ಇಷ್ಟು ಸಣ್ಣ ಪಾದದೊಳಗೆ ಏನಿಡುವುದು? ಅಜ್ಜ ಎದ್ದು ಹೋದರು. ನಮ್ಮ ನೆರಳು ಬಿದ್ದರೂ ಗದರುತ್ತಿದ್ದ ತಮ್ಮ ಬೀಸುಬಲೆಯನ್ನು ತಂದು, ಅದರ ಅಂಚಿನ ಸೀಸದ ಗುಂಡುಗಳಲ್ಲಿ ನಾಲ್ಕನ್ನು ಚೂರಿಯಿಂದ ಕತ್ತರಿಸಿ ಮಾವನ ಕೈಯಲ್ಲಿಟ್ಟರು. ಮಾವ ಅವನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಪಾದಕ್ಕೆ ಎರಡರಂತೆ ಅದರ ಮುಂತುದಿಯವರೆಗೆ ತುರುಕಿ, ಗೋಂದು ಹಾಕಿದರು. ಬಾನೆಟ್ಟು ಮತ್ತೆಂದೂ ಸರಿಯಾಗಿ ಮುಚ್ಚಲಿಲ್ಲ, ಅಕ್ಕಿಕಾಳಿನಷ್ಟು ಸಂದು ಉಳಿಯಿತು. ಕಾರು ಮಾತ್ರ ಭಾರವಾಗಿ ಮೊದಲಿಗಿಂತ ದೂರ ಓಡತೊಡಗಿತು. ಆದರೆ ಆ ದಿನ ನಿಲ್ಲಿಸಿ ನೋಡಲು ಅಜ್ಜಿ ಬಿಡಲಿಲ್ಲ. "ಗೋಂದು ಒಣಗಲಿ, ಇನ್ನೊಂದು ಸಲ ಕೈ ಹಾಕಿದರೆ ನೋಡಿ" ಎಂದು ಅಕ್ಕಿ ಡಬ್ಬಿಯೊಳಗಿಟ್ಟು ಮೇಲೆ ತಾವೇ ಕೂತಷ್ಟು ಭದ್ರ ಮಾಡಿದರು.

ಆ ಡಬ್ಬಿ ತೆರೆದದ್ದು ಚಿಕ್ಕಪ್ಪ ಬಂದ ಮೇಲೆಯೇ. ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು, ಧೂಳು ತುಂಬಿದ ತಲೆಯಲ್ಲೇ ಜಗಲಿಯಲ್ಲಿ ಕುಳಿತಿದ್ದರು. ಕಾರ್ಕಳದಿಂದ ಚಿಕ್ಕಮ್ಮ ಬಂದಿದ್ದರು. ಚಿಕ್ಕಪ್ಪ ಚಹಾ ಕುಡಿದು ಲೋಟ ಕೆಳಗಿಟ್ಟು, "ಎಲ್ಲಿ ಮಗಾ, ನಿನ್ನ ರೋಬೋಟು?" ಎಂದರು. ಅಶೋಕ ಕಾರಿನ ಬಾಗಿಲು ತೆರೆದ, ಸೊಂಟ ತಿರುಗಿಸಿದ, ತಲೆ ಎತ್ತಿದ. ಕೆಂಪು ನೆಲದ ಮೇಲೆ ನಿಲ್ಲಿಸಿ ಮೆಲ್ಲಗೆ ಬೆರಳು ಬಿಟ್ಟ. ರೋಬೋಟು ಒಂದು ಸಲ ಹಿಂದಕ್ಕೆ ವಾಲಿತು, ಮುಂದಕ್ಕೆ ಬಂತು, ನಿಂತಿತು. ಬೀಳಲೇ ಇಲ್ಲ!

ಅಶೋಕನಿಗೆ ತಡೆಯಲಾಗಲಿಲ್ಲ. "ಮೊದಲು ನಿಲ್ಲುತ್ತಿರಲಿಲ್ಲ ಪಪ್ಪಾ. ನಾನು ಸುಳ್ಳು ಬರೆದದ್ದು."

"ಗೊತ್ತುಂಟು" ಎಂದರು ಚಿಕ್ಕಪ್ಪ. "ಅಂಗಡಿಯಲ್ಲಿ ಅರ್ಧ ಗಂಟೆ ನಾನೇ ನಿಲ್ಲಿಸಲು ನೋಡಿದ್ದೆ. ಒಂದು ಸಲವೂ ನಿಲ್ಲಲಿಲ್ಲ. ಕಾರು ಚಂದ ಉಂಟಲ್ವಾ ಅಂತ ತೆಗೆದುಕೊಂಡದ್ದು. ನಿಲ್ಲುತ್ತದೆ ಅಂತ ನೀನು ಬರೆದ ಕಾಗದವನ್ನು ಎಷ್ಟು ಸಲ ಓದಿದೆನೋ ಮಾರಾಯ." ಮಗನನ್ನು ಎಳೆದು ಅಪ್ಪಿಕೊಂಡರು. ಭಾಸ್ಕರ ಮಾವನಿಗೆ ಇದ್ದಕ್ಕಿದ್ದಂತೆ ಮಾಡಿನ ಹಂಚು ಎಣಿಸುವ ಕೆಲಸ ಬಂತು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಅಶೋಕನ ಅಪ್ಪನಿಗೆ ಇನ್ನೊಂದು ಲೋಟ ಚಹಾ ಯಾಕಿಲ್ಲ ಎಂದು ಅಮ್ಮನಿಗೆ ಜೋರು ಮಾಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನಗತೊಡಗಿದೆವು, ಬೀದಿಯವರು ಇಣುಕಿ ನೋಡುವಷ್ಟು.

ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಆ ಮನೆಯನ್ನೂ ಕೆಡವಿ ಬಹಳ ಕಾಲವಾಯಿತು. ರೋಬೋಟು ಕೊನೆಗೆ ಏನಾಯಿತೆಂದು ಅಶೋಕನಿಗೂ ನೆನಪಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಅವನು ಬೆರಳು ಬಿಟ್ಟ ಆ ಒಂದು ಕ್ಷಣದ ಜಗಲಿ ಬೇಕು ನನಗೆ. ಅಷ್ಟು ದೊಡ್ಡವರು ಅಷ್ಟು ಸಣ್ಣ ವಿಷಯಕ್ಕೆ ಒಟ್ಟಿಗೆ ಉಸಿರು ಹಿಡಿದು ನಿಂತದ್ದನ್ನು ನಾನು ಆಮೇಲೆ ಎಲ್ಲಿಯೂ ನೋಡಲಿಲ್ಲ.