ಹಳಿಯ ಕೆಳಗೆ ಜೋಳದ ಹಿಟ್ಟು

ನಮ್ಮಪ್ಪ ಬೂದೆಪ್ಪ ರಾಯಚೂರು ಕಡೆಯವನು, ಲಿಂಗಂಪಲ್ಲಿ ಹತ್ತಿರ ರೈಲ್ವೆ ಕೀಮ್ಯಾನ್. ಸುತ್ತಿಗೆ ಹೊತ್ತು ದಿನಾ ಹಳಿಯುದ್ದಕ್ಕೂ ನಡೆದು, ಸಡಿಲಾದ ಕ್ಲಿಪ್ಪುಗಳನ್ನು ಬಡಿದು ಬಿಗಿ ಮಾಡುವುದು ಅವನ ಕೆಲಸ. ಮೂವತ್ತು ವರ್ಷದಲ್ಲಿ ಒಬ್ಬ ಸಾಹೇಬನಿಗೂ ಎದುರಾಡಿದವನಲ್ಲ. ಹೆತ್ತಪ್ಪನಾದರೇನು, ಪುಕ್ಕಲನನ್ನು ಪುಕ್ಕಲ ಎನ್ನಲೇಬೇಕು.

ಆ ವರ್ಷ ಹಳಿಯ ಪಕ್ಕದಲ್ಲೇ ಯಾವುದೋ ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಆಳದ ಗುಂಡಿ ತೋಡಿದ್ದರು. ಮಳೆ ಹಿಡಿದದ್ದೇ ತಡ, ಗಾಡಿ ಹೋದಾಗಲೆಲ್ಲ ಅಲ್ಲಿ ಜಲ್ಲಿಯ ಸಂದಿಯಿಂದ ಕೆಸರು ಚಿಮ್ಮತೊಡಗಿತು. ಅಪ್ಪ ಮೇಲಿನವರಿಗೆ ಹೇಳಿದ. ಸಾಹೇಬರು ತಳ್ಳುವ ಟ್ರಾಲಿಯಲ್ಲಿ ಬಂದು, ಅಳೆದು, ಎಲ್ಲ ಸಮ ಇದೆ ಎಂದು ಹೋದರು. ಟ್ರಾಲಿಯ ಭಾರಕ್ಕೆ ಹಳಿ ತಗ್ಗುತ್ತದೆಯೇ? ಕರ್ಮ!

ಮರುದಿನ ಅಪ್ಪ, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದಿನಿಂದ ಹಿಟ್ಟಿನ ಉಂಡೆ ಎತ್ತಿಕೊಂಡ.

“ಅಯ್ಯ ಶಿವನ! ಉಣ್ಣೋ ಹಿಟ್ಟು ಹಳಿ ಕೆಳಗ ಇಡ್ತೀರೇನ್ರಿ?” ಅವ್ವ ರೇಗಿದಳು.

ಹಳಿಯಡಿ ಗೂಟ ಹೊಡೆದು ಅದರ ಮೇಲೆ ಉಂಡೆ ಇಟ್ಟರೆ, ಗಾಡಿಯ ಭಾರಕ್ಕೆ ಹಳಿ ಎಷ್ಟು ಕುಸಿಯಿತೆಂದು ತಿಳಿಯುತ್ತದೆ. ಸಂಜೆ ತಂದು ತೋರಿಸಿದ. ಹೆಬ್ಬೆರಳು ದಪ್ಪದ ಉಂಡೆ ಹಪ್ಪಳವಾಗಿತ್ತು.

“ಕೆಂಪು ನಿಶಾನಿ ಹಿಡಿದು ಗಾಡಿ ನಿಲ್ಲಸಪ್ಪ,” ಎಂದೆ.

“ಸುಳ್ಳಾದರ ಸಸ್ಪೆಂಡ್ ಮಾಡ್ತಾರ. ರಿಟೈರಾಗಾಕ ಐದು ತಿಂಗಳೈತಿ. ಕೋಕಿಲಾ, ನೀ ಮಾತ್ರ ನಾಳೆಯಿಂದ ಬಸ್ಸಿಗೆ ಹೋಗವ್ವ.”

ಆಫೀಸಿಗೆ ಬಸ್ಸೆಂದರೆ ಎರಡು ತಾಸು, ಅದೇ ಹಳಿಯ ಮೇಲೆ ಹೋಗುವ ಲೋಕಲ್ ಗಾಡಿಯಲ್ಲಾದರೆ ಅರ್ಧ. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಅಪ್ಪ ಡ್ಯೂಟಿಗೆ ಹೋದ ಮೇಲೆ ಎಂಟೂವರೆ ಲೋಕಲ್ ಹತ್ತಿ ಕೂತೆ. ಗಾಡಿ ಹೊರಡುವ ಮುಂಚೆ ಅವ್ವ ಫೋನ್ ಮಾಡಿ ಬಸ್ಸು ಸಿಕ್ಕಿತೇ ಎಂದು ಕೇಳಿದಳು, ಸುಳ್ಳು ಹೇಳಲಾಗಲಿಲ್ಲ. “ತಡಿ, ನಿಮ್ಮಪ್ಪಗ ಹೇಳ್ತೀನಿ,” ಎಂದು ಫೋನಿಟ್ಟಳು.

ಸ್ವಲ್ಪ ದೂರ ಹೋಗಿದ್ದೆವಷ್ಟೇ. ಗಾಡಿ ಕಿರ್ರೆಂದು ನಿಂತಿತು. ಬಾಗಿಲಿಗೆ ಬಂದು ನೋಡಿದರೆ, ಹಳಿಗಳ ನಡುವೆ ಕೆಂಪು ನಿಶಾನಿ ಹಿಡಿದು ಅಪ್ಪ! “ಪಾಗಲ್ ಹೈ ಕ್ಯಾ?” ಎಂದು ಜನ ಬೈಯುತ್ತಿದ್ದರು. ನಾಚಿಕೆಯಿಂದ ಸಾಯುವಂತಾಯಿತು.

ಇಳಿದು ಮುಂದೆ ಹೋದವರು ಹಿಂದೆ ಸರಿದರು. ಅಪ್ಪನ ಹಿಂದೆ ಜಲ್ಲಿಯೆಲ್ಲ ಗುಂಡಿಗೆ ಜಾರಿ, ಒಂದು ಬದಿಯ ಹಳಿ ಗಾಳಿಯಲ್ಲಿ ತೂಗುತ್ತಿತ್ತು. ಬೈದವರೇ ಬಂದು ಅಪ್ಪನ ಕಾಲಿಗೆ ಬಿದ್ದರು.

ಅಪ್ಪ ನನ್ನನ್ನು ಬದಿಗೆಳೆದುಕೊಂಡ. ಅವನ ಕೈಯೆಲ್ಲ ಕೆಸರು, ಬೆರಳ ತುದಿಗಳಲ್ಲಿ ರಕ್ತ.

“ಆರಕ್ಕ ಬಂದಾಗ ನೆಲ ಜಾರಾಕತ್ತಿತ್ತು,” ಎಂದ. “ಕಲ್ಲು ತುರುಕಿ ಎರಡು ಗಾಡಿ ಬಿಟ್ಟೀನವ್ವ. ಅದರಾಗ ನೀ ಇರಲಿಲ್ಲ.”