ಎಲ್ಲವೂ ನೌನ್

ಪಕ್ಕದ ರೈಸ್ ಮಿಲ್ಲಿನ ಬೆಲ್ಟಿನ ಪಟಪಟ ಸದ್ದನ್ನು ಮೀರಿಸಿ ನನ್ನ ನಾದಿನಿ "ನೌನ್, ವರ್ಬ್, ಅಡ್ಜೆಕ್ಟಿವ್" ಎಂದು ಒದರುತ್ತಿದ್ದಳು. ಎಪ್ಪತ್ತರ ದಶಕದ ಮಾನ್ವಿ ಅದು. ಹೆಣ್ಣು ನೋಡಲು ಬರುವ ದೇವದುರ್ಗದವರಿಗೆ ಇಂಗ್ಲಿಷ್ ಬಲ್ಲ ಸೊಸೆಯೇ ಬೇಕಂತೆ. ಅವರ ಎಮ್ಮೆಗಳು ಬೇರೆ ಭಾಷೆಗೆ ಹಾಲು ಕೊಡುತ್ತಿರಲಿಲ್ಲವೇನೋ! ರಾಯಚೂರಿನ ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಟ್ಯೂಷನ್ ನನ್ನ ಪಾಲಿಗೆ ಬಂತು. ಎಂಟೇ ದಿನಕ್ಕೆ ಅವಳು ಯಾವ ಪದ ನೌನ್, ಯಾವುದು ವರ್ಬ್ ಎಂದು ತಪ್ಪಿಲ್ಲದೆ ಗುರುತಿಸತೊಡಗಿದಳು. ಆದರೆ ಅವಳಿಗೆ ಬೇಕಿದ್ದುದು ಮದುವೆಯಲ್ಲ, ಟೀಚರ್ ಟ್ರೇನಿಂಗ್.

ಹೆಣ್ಣು ನೋಡಲು ಬಂದ ದಿನ ವರನ ತಂದೆ ಚಹಾ ಮುಗಿಸಿ, ಹಳೆಯ ಇಂಗ್ಲಿಷ್ ಪೇಪರಿನ ಒಂದು ಪದದ ಮೇಲೆ ಬೆರಳಿಟ್ಟರು.

"ಇದೇನವ್ವಾ?"

"ನೌನ್ ರೀ."

"ಇದು?"

"ಅದೂ ನೌನ್ ರೀ."

ಹೀಗೆ ಇಡೀ ಪೇಪರನ್ನೇ ನೌನ್ ಮಾಡಿ, ಅಮಾಯಕಳಂತೆ ತಲೆ ತಗ್ಗಿಸಿದಳು.

"ಕಾನ್ವೆಂಟಿನಾಕಿ ಕಲಿಸಿದ್ದು ಇಷ್ಟೇ ಏನ್ರೀ?" ಎಂದು ನನ್ನನ್ನು ದಿಟ್ಟಿಸಿ ಅವರು ಎದ್ದು ಹೋದರು.

"ಇಕಿನ್ನ ಯಾರು ಮಾಡ್ಕೋತಾರ? ಟ್ರೇನಿಂಗಿಗಾದ್ರೂ ಹೋಗ್ಲಿ," ಎಂದು ನನ್ನ ಮಾವ ಗೊಣಗಿದರು. ಟ್ರೇನಿಂಗ್ ಅವಳಿಗೆ, ಅವಮಾನ ನನಗೆ. ಎಂಥ ನ್ಯಾಯವಾದ ಪಾಲು!

ಕೆಲವು ವರ್ಷಗಳ ಮೇಲೆ, ಕೊನೆಯ ಸಲ ಅವಳನ್ನು ನೋಡಿದ್ದು ಜಾಲಹಳ್ಳಿ ಬಸ್ಸಿನ ಕಿಟಕಿಯಲ್ಲಿ. ತೊಡೆಯ ಮೇಲೆ ಮಕ್ಕಳ ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು.

"ಎಲ್ಲಾ ನೌನ್ ಅಂತ ಬರದವ್ರಿಗೆ ಎಷ್ಟು ಮಾರ್ಕ್ಸ್ ಕೊಡ್ತೀಯವ್ವಾ?" ಎಂದೆ.

"ಸೊನ್ನಿ ರೀ ವೈನಿ!" ಎಂದು ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕಳು.