ಎಲ್ಲರ ಫೋನಿನಲ್ಲೂ ಕಾಶಿನಾಥ

ಕಾಶಿನಾಥ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಮುಂಬಯಿಯ ಆಂಟಾಪ್ ಹಿಲ್‌ನ ಆ ಗಲ್ಲಿಯಲ್ಲಿ ಯಾರದಾದರೂ ಫೋನು ಕೆಟ್ಟರೆ ಇಂದಿಗೂ ಕಾಲು ತಾನಾಗಿ ಅವನ ಖೋಲಿಯ ಕಡೆಗೆ ತಿರುಗುತ್ತದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತ ಮೇಲೆ ನೆನಪಾಗಿ ಮರಳುತ್ತಾರೆ.

ಅವನು ಫೋನು ರಿಪೇರಿಯವನಲ್ಲ. ಸುರಪುರದ ಕಡೆಯಿಂದ ಬಿಗಾರಿ ಕೆಲಸಕ್ಕೆಂದು ಬಂದವನು, ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಕಾಲು ಸೊಟ್ಟಾದ ಮೇಲೆ ಗೋರೆಗಾಂವಿನ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟ್‌ಮನ್ ಆದ. ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಇಡೀ ದಿನ ಸ್ಟೂಲಿನ ಮೇಲೆ ಕುಳಿತು ಮೇಲೆ ಕೆಳಗೆ ಹೋಗುವವನಿಗೆ ಫೋನೇ ಸಂಗಾತಿಯಾಗಿ, ಅದರ ಒಳಹೊರಗೆಲ್ಲ ತಕ್ಕಮಟ್ಟಿಗೆ ತಿಳಿಯಿತು. ಗಲ್ಲಿಯವರಿಗೆ ಅಷ್ಟೇ ಸಾಕಾಗಿತ್ತು. ಚಾರ್ಜ್ ಆಗದಿದ್ದರೆ ಸೂಜಿಯಿಂದ ತೂತಿನೊಳಗಿನ ಜುಂಗು ತೆಗೆಯುತ್ತಿದ್ದ. ದನಿ ಕೇಳಿಸದಿದ್ದರೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸ್ಪೀಕರಿನ ಸಿಮೆಂಟು ಧೂಳು ಉದುರಿಸುತ್ತಿದ್ದ. ಪ್ರತಿಯಾಗಿ ಒಂದು ಕಪ್ ಚಹಾ ಕುಡಿದು ಏಳುತ್ತಿದ್ದ.

ಹೊಸ ಫೋನು ಕೊಳ್ಳುವವರು ಭಾನುವಾರ ಅವನನ್ನು ದಾದರಿಗೆ ಕರೆದೊಯ್ಯುತ್ತಿದ್ದರು. ಅಂಗಡಿಯವನು ಕ್ಯಾಮೆರಾ, ಮೆಮೊರಿ ಎಂದು ಬಾಯಿ ತೆರೆಯುವ ಮೊದಲೇ ಕಾಶಿನಾಥ ರಿಂಗು ಹಚ್ಚಿ, ಫೋನನ್ನು ಅಂಗಡಿಯ ಹೊರಗೆ ಗದ್ದಲದಲ್ಲಿ ಹಿಡಿದು ನೋಡುತ್ತಿದ್ದ. ಕಾಂಕ್ರೀಟು ಕಲಸುವ ಮಶೀನಿನ ಪಕ್ಕದಲ್ಲಿ ನಿಂತವರಿಗೆ ಕೇಳಬೇಕಲ್ಲ. ಬೆರಳಚ್ಚಿನಿಂದ ತೆರೆಯುವ ಬಗೆ ಅವನಿಗೆ ಒಗ್ಗುತ್ತಿರಲಿಲ್ಲ, ಸಿಮೆಂಟು ಹೊತ್ತು ಸವೆದ ಬೆರಳುಗಳನ್ನು ಯಾವ ಫೋನೂ ಗುರುತಿಸುತ್ತಿರಲಿಲ್ಲ. ಕೊನೆಗೆ ಒಂದೇ ಕಂಪನಿಯ ಒಂದೇ ಮಾಡೆಲ್ ಗಟ್ಟಿಯೆಂದು ತೀರ್ಮಾನಿಸಿ ಎಲ್ಲರಿಗೂ ಅದನ್ನೇ ಕೊಡಿಸತೊಡಗಿದ. ಪಕ್ಕದ ಖೋಲಿಯ ಶೀಲಾವತಿ ಅವನನ್ನು ಕಿಚಾಯಿಸುತ್ತಿದ್ದಳು: "ಕಾಶಿಯಣ್ಣನ್ನ ಕನ್ಯಾ ನೋಡ್ಲಾಕ ಕಳಿಸಬ್ಯಾಡ್ರಿ, ಎಲ್ಲರಿಗೂ ಒಂದೇ ಹುಡುಗಿ ತರ್ತಾನ."

ಹೊಸ ಫೋನು ಮೊದಲಿಗೆ ಈಮೇಲ್ ಕೇಳುತ್ತದೆ. ಗಲ್ಲಿಯಲ್ಲಿ ಯಾರ ಹತ್ತಿರವೂ ಈಮೇಲ್ ಇರಲಿಲ್ಲ. ಕಾಶಿನಾಥ ತನ್ನದನ್ನೇ ಹಾಕಿದ. ಮೊದಲನೆಯವರಿಗೆ ಹಾಕಿದ, ಆಮೇಲೆ ಬಂದವರಿಗೂ ಹಾಕಿದ. ಹೀಗೆ ಗಲ್ಲಿಯ ಫೋನುಗಳೆಲ್ಲ ಅವನ ಹೆಸರಿನಲ್ಲೇ ಇದ್ದವು. ಶೀಲಾವತಿಯ ತವರಿನ ನಂಬರು ಬಳೆಗಾರ್ತಿ ಗಂಗುಬಾಯಿಯ ಫೋನಿನಲ್ಲಿ ಕಾಣುತ್ತಿತ್ತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲರ ಫೋನಿನ ಮೂಲೆಯಲ್ಲೂ ಒಂದು ಪುಟ್ಟ ವೃತ್ತದೊಳಗೆ ಲಿಫ್ಟಿನ ಖಾಕಿ ಅಂಗಿ ತೊಟ್ಟ, ದಪ್ಪ ಮೀಸೆಯ ಕಾಶಿನಾಥನ ಮುಖವಿತ್ತು. ಫೋಟೋಗಳು ಮಾತ್ರ ತನ್ನ ಖಾತೆಗೆ ಬಂದು ಸೇರದಂತೆ ಎಲ್ಲ ಫೋನುಗಳಲ್ಲೂ ಆ ಸೌಲಭ್ಯವನ್ನು ಮುಚ್ಚಿದ್ದ. ಮಂದಿಯ ಮನೆ ಹೆಣ್ಣುಮಕ್ಕಳ ಚಿತ್ರ ತನಗೇಕೆ ಕಾಣಬೇಕು ಎಂಬ ಮರ್ಯಾದೆ ಅವನದು.

ಅದೇ ಗಲ್ಲಿಯ ಹನುಮವ್ವನ ಸೊಸೆ ಭುವನೇಶ್ವರಿ. ಅವಳಿಗೆ ಹುಟ್ಟಿದ ಹೆಣ್ಣು ಕೂಸಿಗೆ ಮುತ್ತಜ್ಜಿಯ ಹೆಸರು ಹಿಡಿದು ಭಾಗವ್ವ ಎಂದು ಕರೆದರು. ಕಾಶಿನಾಥನ ಮೀಸೆ ಕಂಡರೆ ಸಾಕು, ಆ ಕೂಸು ಗಲ್ಲಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಹಲ್ಲು ಮೂಡುವ ತನಕ ಕೂಸಿನ ಫೋಟೋ ತೆಗೆಯಬಾರದು, ದೃಷ್ಟಿ ತಾಗುತ್ತದೆ ಎಂಬುದು ಅವರ ಮನೆಯ ಕಟ್ಟಳೆ. ಹಲ್ಲು ಮೂಡುವ ಮೊದಲೇ ಕೂಸಿಗೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ತಂದರು. ಅಷ್ಟು ಸಣ್ಣ ಕೂಸಿಗೆ ದಿನವಿಲ್ಲ, ತಿಥಿಯಿಲ್ಲ, ಗೋಡೆಯ ಮೇಲೆ ಪಟವೂ ಇಲ್ಲ. ಭುವನೇಶ್ವರಿ ಎದೆಹಾಲು ಬತ್ತುವ ಮುಂಚೆಯೇ ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಮಾಲೆ ಕಟ್ಟುವ ಕೆಲಸಕ್ಕೆ ಹೋಗತೊಡಗಿದಳು.

ಒಂದು ಮಧ್ಯಾಹ್ನ ಕಾಶಿನಾಥನಿಗೆ ಯಾರದೋ ಫೋನಿನಿಂದ ಶೀಲಾವತಿ ಕರೆ ಮಾಡಿದಳು. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅವಳ ಫೋನು ಕಳುವಾಗಿತ್ತು. ಕಳ್ಳ ಒಳಗೆಲ್ಲ ಜಾಲಾಡುವ ಮೊದಲು ಅದನ್ನು ಅಳಿಸಿಬಿಡು ಎಂದು ಅವಳ ಗೋಳು. ಲಿಫ್ಟಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಕಾಶಿನಾಥ ಟೆರೇಸಿನ ಮೆಟ್ಟಿಲಿಗೆ ಬಂದು ತನ್ನ ಖಾತೆ ತೆರೆದ. ಒಂದರ ಕೆಳಗೊಂದು ಒಂದೇ ಮಾಡೆಲಿನ ಹೆಸರು. ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಕೆಳಗೆ ಲಿಫ್ಟಿಗೆ ಕಾದವರು ಗಂಟೆ ಒತ್ತುತ್ತಲೇ ಇದ್ದರು. ಒಂದೊಂದನ್ನೇ ಒತ್ತಿ ನಕ್ಷೆ ನೋಡುತ್ತ ಹೋದ. ಆಂಟಾಪ್ ಹಿಲ್, ಆಂಟಾಪ್ ಹಿಲ್, ವಡಾಳಾ, ಮತ್ತೆ ಆಂಟಾಪ್ ಹಿಲ್. ಒಂದು ಚುಕ್ಕೆ ದಾದರಿನಲ್ಲಿತ್ತು. ಖಾತ್ರಿಯೇ ಎಂದು ಫೋನು ಕೇಳಿತು. ಹೌದೆಂದು ಒತ್ತಿದ. ಶೀಲಾವತಿಗೆ ಚಿಂತೆ ಬೇಡವೆಂದು ಹೇಳಿ, ದೊಡ್ಡ ಕೆಲಸ ಮುಗಿಸಿದವನಂತೆ ಲಿಫ್ಟಿಗೆ ಮರಳಿದ.

ಸಂಜೆ ಲೋಕಲ್ಲಿನಿಂದ ಇಳಿದು ಗಲ್ಲಿಗೆ ಬಂದರೆ ಭುವನೇಶ್ವರಿ ಅವನ ಬಾಗಿಲಲ್ಲಿ ನಿಂತಿದ್ದಳು. ಫೋನನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ಹೂ ಕಟ್ಟುತ್ತ ಕುಳಿತಿದ್ದಾಗ ತೊಡೆಯ ಮೇಲಿದ್ದ ಫೋನು ಒಮ್ಮೆಲೇ ಕಪ್ಪಾಯಿತಂತೆ, ಆಮೇಲೆ ಅಂಗಡಿಯಿಂದ ತಂದ ದಿನದ ಹಾಗೆ ನಮಸ್ಕಾರ ಹೇಳಿತಂತೆ. ಅತ್ತೆಯ ಕಣ್ಣು ತಪ್ಪಿಸಿ ಅವಳು ಕೂಸಿನ ಫೋಟೋ ತೆಗೆದಿದ್ದಳು. ಯಾರಿಗೂ ಕಳಿಸಿರಲಿಲ್ಲ, ಗಂಡನಿಗೂ ತೋರಿಸಿರಲಿಲ್ಲ.

"ಯಣ್ಣ, ಇದರಾಗ ನನ್ನ ಕೂಸು ಅದ," ಎಂದಳು. "ಹೊರಗ ತಗದು ಕೊಡು."

ಕಾಶಿನಾಥನಿಗೆ ಎಲ್ಲ ಅರ್ಥವಾಯಿತು. ಕಳ್ಳ ಶೀಲಾವತಿಯ ಫೋನನ್ನು ಕದ್ದ ಕೂಡಲೇ ಆಫ್ ಮಾಡಿದ್ದ, ನಕ್ಷೆಯಲ್ಲಿ ಅದರ ಚುಕ್ಕೆ ಕೊನೆಯ ಸಲ ಕಂಡಿದ್ದ ಆಂಟಾಪ್ ಹಿಲ್‌ನಲ್ಲೇ ಉಳಿದಿತ್ತು. ದಾದರಿನ ಚುಕ್ಕೆ ಇವಳದು. ನೋಡ್ತೀನವ್ವ, ಬಿಟ್ಟು ಹೋಗು ಎಂದಷ್ಟೇ ಹೇಳಿದ. ಅವಳು ಅವನ ಕಾಲು ಮುಟ್ಟಿ ಹೋದಳು. ಆ ಕಾಲನ್ನು ಕತ್ತರಿಸಿ ಹಾಕಬೇಕೆನಿಸಿತು ಎಂದು ಆಮೇಲೆ ತೀರ ಹತ್ತಿರದವರೊಡನೆ ಒಮ್ಮೆ ಹೇಳಿದ್ದ.

ಮರುದಿನ ರಜೆ ಹಾಕಿ ಗ್ರಾಂಟ್ ರೋಡಿನ ಅಂಗಡಿಗಳನ್ನು ಹತ್ತಿ ಇಳಿದ. ಎಲ್ಲರೂ ಹೇಳಿದ್ದು ಒಂದೇ. ಈ ಫೋನು ಒಳಗಿರುವುದನ್ನೆಲ್ಲ ಬೀಗ ಹಾಕಿಯೇ ಇಟ್ಟಿರುತ್ತದೆ, ಅಳಿಸುವಾಗ ಮೊದಲು ಸುಡುವುದು ಆ ಬೀಗದ ಕೈಯನ್ನು. ಒಂದು ಅಂಗಡಿಯಲ್ಲಿ ಸ್ನೇಹಲ್ ಎಂಬ ಹೆಂಗಸು ಮಾತ್ರ ಅವನನ್ನು ಕೂರಿಸಿ ನೀರು ಕೊಟ್ಟಳು, ಫೋಟೋ ಯಾರದು ಎಂದು ಮರಾಠಿಯಲ್ಲಿ ವಿಚಾರಿಸಿದಳು. ಕೇಳಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದಳು. ಸುಳ್ಳು ಆಸೆ ಹಚ್ಚಿ ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ, ಇನ್ನೆಲ್ಲೂ ಅಲೆಯಬೇಡಿ ಎಂದಳು. ಅವನು ಮತ್ತೂ ಅಲೆದ. ಸಂಜೆ ಮನೆಗೆ ಬಂದರೆ ಭುವನೇಶ್ವರಿ ಬಾಗಿಲ ಬಳಿ ಇರುತ್ತಾಳೆಂದು ಸ್ಟೇಷನ್ನಿನ ಬೆಂಚಿನಲ್ಲೇ ಕುಳಿತು ರೈಲುಗಳನ್ನು ಬಿಟ್ಟ.

ಆಗ ಅವನಿಗೊಂದು ಹುಚ್ಚು ಯೋಚನೆ ಬಂತು. ಗಲ್ಲಿಯಲ್ಲಿ ಇಷ್ಟು ಫೋನುಗಳಿವೆ. ನಲ್ಲಿಯ ಹತ್ತಿರ, ಮದುವೆಗೆ ಹೊರಟಾಗ, ಹಬ್ಬದಲ್ಲಿ ಮಂದಿ ಫೋಟೋ ತೆಗೆದಿರುತ್ತಾರೆ. ಯಾವುದಾದರೊಂದರಲ್ಲಿ ಹಿಂದುಗಡೆ ಎಲ್ಲಾದರೂ ಆ ಕೂಸು ಬಿದ್ದಿರಬಹುದಲ್ಲ.

ಮೆಮೊರಿ ತುಂಬಿದೆ, ಸ್ವಚ್ಛ ಮಾಡಿಕೊಡುತ್ತೇನೆ ಎಂದು ಸುಳ್ಳು ಹೇಳಿ ಮನೆಮನೆಗೆ ಹೋದ. ಯಾವುದನ್ನು ನೋಡಬಾರದೆಂದು ಮುಚ್ಚಿಟ್ಟಿದ್ದನೋ ಅದನ್ನೇ ಈಗ ಕಳ್ಳನ ಹಾಗೆ ತೆರೆದು ನೋಡಿದ. ಊರಿನ ಎತ್ತು, ಸೈಟಿನ ಕಬ್ಬಿಣ, ಬೆರಳು ಅಡ್ಡ ಬಂದ ಚಿತ್ರ, ಹೊಸ ಸೀರೆ ಉಟ್ಟು ಕನ್ನಡಿಯ ಮುಂದೆ ಒಬ್ಬಳೇ ನಿಂತ ನೆರೆಮನೆಯ ಸೊಸೆ. ಅವನು ಮುಖ ತಿರುಗಿಸಿಕೊಂಡ. ಒಂದು ಮನೆಯ ಫೋನಿನಲ್ಲಿ ಭುವನೇಶ್ವರಿಯ ಹೆಗಲ ಮೇಲೆ ಕುಂಚಿಗೆಯ ಹಿಂಭಾಗ ಸಿಕ್ಕಿತು. ಕೂಸು ಅದರೊಳಗಿತ್ತು, ಮುಖ ಕಾಣುತ್ತಿರಲಿಲ್ಲ. ಅದನ್ನೇ ದೊಡ್ಡದು ಮಾಡಿ ಮಾಡಿ ನೋಡಿದ, ಬಟ್ಟೆಯ ನೂಲು ಕಂಡಿತು.

ಗಂಗುಬಾಯಿ ಮಾತ್ರ ಫೋನು ಕೊಡಲಿಲ್ಲ. ಅವಳು ಅಕ್ಕಲಕೋಟದ ಕಡೆಯವಳು, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಬಳೆ ಮಾರುವವಳು. ಎಳೆಗೂಸುಗಳಿಗೆ ಮೊದಲ ಕರಿಬಳೆ ತೊಡಿಸುವುದು ಅವಳ ಕೈಯೇ. ನನ್ನ ಫೋನು ಸರಿ ಇದೆ ಎಂದು ಸೊಂಟಕ್ಕೆ ಸಿಗಿಸಿಕೊಂಡಳು. ಕಾಶಿನಾಥ ಅವಳ ಮುಖ ನೋಡಿ, ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ. ದಾದರಿನ ಚುಕ್ಕೆಯಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿದ. ಅವನ ಬಾಯಿಂದ ಆ ಸತ್ಯ ಮೊದಲು ಹೊರಬಿದ್ದದ್ದು ಅಲ್ಲಿ.

ಗಂಗುಬಾಯಿ ಬಾಗಿಲು ಹಾಕಿದಳು. ಸೊಂಟದಿಂದ ಫೋನು ತೆಗೆದು ಅವನ ಮುಂದಿಟ್ಟಳು. ಅದರಲ್ಲಿ ಭಾಗವ್ವ ಇದ್ದಳು. ಚಾಪೆಯ ಮೇಲೆ ಮಲಗಿ, ಹೊಸ ಕರಿಬಳೆಯ ಪುಟ್ಟ ಕೈ ಮೇಲೆತ್ತಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ಭುವನೇಶ್ವರಿ ನೀರಿಗೆ ಹೋಗಿದ್ದಾಗ, ಊರಲ್ಲಿರುವ ಮಗಳಿಗೆ ತೋರಿಸೋಣವೆಂದು ಗಂಗುಬಾಯಿ ಕದ್ದು ತೆಗೆದ ಚಿತ್ರ ಅದು. ಅದಾಗಿ ಸ್ವಲ್ಪ ದಿನಕ್ಕೇ ಕೂಸಿಗೆ ಕಫ ಕಟ್ಟಿತ್ತು.

"ಹಾತ್ ಜೋಡ್ತೆ ಬಾಬಾ," ಎಂದು ಕೈ ಮುಗಿದಳು. "ನಾ ತಗದಿದ್ದು ತಿಳದ್ರ ಕೂಸಿರೋ ಮನಿ ಹೊಸ್ತಲಾ ತುಳೀಲಾಕ ಬಿಡ್ತಾರೇನು ನನಗ? ಅಳಸಬೇಕಂತ ಎಷ್ಟು ಸಲ ಬಟ್ಟು ಇಟ್ಟೆ. ಆಗಲಿಲ್ಲ."

ಕಾಶಿನಾಥ ಬಹಳ ಹೊತ್ತು ಆ ನಗುವನ್ನೇ ನೋಡಿದ. ಅವನ ಮುಂದೆ ಆ ಕೂಸು ಎಂದೂ ನಕ್ಕಿರಲಿಲ್ಲ. ಚಿತ್ರವನ್ನು ತನ್ನ ಫೋನಿಗೆ ತೆಗೆದುಕೊಂಡು, ಅವಳ ಫೋನಿನಿಂದ ತಾನೇ ಅಳಿಸಿದ. ನೀನು ತೆಗೆದೇ ಇಲ್ಲ ಎಂದು ಹೇಳಿ ಎದ್ದ.

ಭುವನೇಶ್ವರಿಯ ಮುಂದೆ ಅವನು ಎರಡು ಮಾತು ಆಡಿದ. ನಿನ್ನ ಫೋನು ಅಳಿಸಿದ್ದು ನಾನೇ ಎಂಬುದು ಒಂದು. ಅದು ನಿಜ. ಇನ್ನೊಂದು, ಕ್ಯಾಮೆರಾ ಪರೀಕ್ಷೆ ಮಾಡುವಾಗ ನಾನೊಮ್ಮೆ ಕೂಸಿನ ಚಿತ್ರ ತೆಗೆದಿದ್ದೆ, ಉಳಿದಿರುವುದು ಇದೊಂದೇ ಎಂಬುದು. ಅವನು ಚಿತ್ರ ಹಾಕಿ ಕೊಟ್ಟ ತನ್ನ ಫೋನು ತೆಗೆದುಕೊಂಡು ಅವಳು ಗೋಡೆಯ ಕಡೆ ತಿರುಗಿ ಕುಳಿತಳು. ಅಳಲಿಲ್ಲ. ತಿರುಗದೆಯೇ ಕೇಳಿದಳು.

"ಇದು ನೀನೇ ತಗದಿದ್ದೇನು?"

"ಹೌದವ್ವ."

"ಖರೇನಾ?"

"ಖರೇ."

ಹೋಗು ಎಂದಳು ಅವಳು.

ಆ ಚಿತ್ರ ಹನುಮವ್ವನ ಕಣ್ಣಿಗೆ ಬೀಳಲು ಬಹಳ ದಿನ ಬೇಕಾಗಲಿಲ್ಲ. ಯಾರು ತೆಗೆದದ್ದು ಎಂದು ಅತ್ತೆ ಜುಟ್ಟು ಹಿಡಿದು ಕೇಳಿದಾಗ ಭುವನೇಶ್ವರಿ ಕಾಶಿನಾಥನ ಹೆಸರು ಹೇಳಿದಳು. ಹನುಮವ್ವ ಅವನ ಬಾಗಿಲಿಗೆ ಬಂದು ನಿಂತು ಗಲ್ಲಿಗೆಲ್ಲ ಕೇಳುವಂತೆ ಮಾತಾಡಿದಳು. ತನ್ನ ಮನೆಯಲ್ಲಿ ತೊಟ್ಟಿಲು ತೂಗದವನು ಇನ್ನೊಬ್ಬರ ತೊಟ್ಟಿಲಿಗೆ ಕಣ್ಣು ಹಾಕಿದನೆಂದಳು. ಕಾಶಿನಾಥ ಸ್ಟೂಲಿನ ಮೇಲೆ ಕುಳಿತೇ ಕೇಳಿದ. ಗಂಗುಬಾಯಿ ಗುಂಪಿನ ಹಿಂದೆ ಬುಟ್ಟಿ ಹಿಡಿದು ನಿಂತಿದ್ದಳು. ಅವನು ಆ ಕಡೆ ನೋಡಲಿಲ್ಲ.

ಆಮೇಲೆ ಅವನ ಖೋಲಿಗೆ ಫೋನು ಹಿಡಿದು ಬರುವವರು ಕಡಿಮೆಯಾದರು. ಕೂಸಿರುವ ಮನೆಗಳವರು ಅವನು ಗಲ್ಲಿಯಲ್ಲಿ ಕಂಡರೆ ಕುಂಚಿಗೆ ಎಳೆದು ಮುಖ ಮುಚ್ಚಿ ಒಳಗೆ ಸರಿಯುತ್ತಿದ್ದರು. ಚಹಾಕ್ಕೆ ಕರೆಯುವವರಿರಲಿಲ್ಲ. ಶೀಲಾವತಿ ಒಬ್ಬಳು ಮಾತಾಡಿಸುತ್ತಿದ್ದಳು, ಅದೂ ಅವಳ ಮಗಳು ಬಸುರಿಯಾಗುವ ತನಕ. ದಿನದ ಕೆಲಸ ಮುಗಿದ ಮೇಲೂ ಅವನು ಗೋರೆಗಾಂವಿನಲ್ಲೇ ಹೊತ್ತು ಕಳೆದು, ಗಲ್ಲಿ ಮಲಗುವ ಹೊತ್ತಿಗೆ ಬರುವುದನ್ನು ರೂಢಿ ಮಾಡಿಕೊಂಡ. ನಿಜ ತಿಳಿದ ಒಬ್ಬಿಬ್ಬರು ಹತ್ತಿರದವರು ಹೇಳಿಬಿಡು ಎಂದು ಗೆಳೆತನದ ಹಕ್ಕಿನಿಂದ ಒತ್ತಾಯಿಸಿದರೆ, ಅಳಿಸಿದ್ದಂತೂ ನಾನೇ ಅಲ್ಲವೇ ಎನ್ನುತ್ತಿದ್ದ.

ಮಳೆಗಾಲದಲ್ಲಿ ವಡಾಳಾದ ಹಳಿಗಳ ಮೇಲೆ ನೀರು ನಿಂತು ರೈಲು ನಿಂತ ದಿನ, ಸೊಟ್ಟ ಕಾಲಿನ ಹುಣ್ಣಿನೊಡನೆ ಆ ಕೊಳಕು ನೀರಿನಲ್ಲೇ ನಡೆದು ಮನೆಗೆ ಬಂದ. ಜ್ವರ ಬಂತು. ಇಲಿಜ್ವರವೆಂದು ಗೊತ್ತಾಗುವ ಹೊತ್ತಿಗೆ ಕಣ್ಣುಗಳು ಹಳದಿಯಾಗಿದ್ದವು. ಒಬ್ಬನೇ ಮಲಗಿದ್ದ, ಬಾಗಿಲು ಬಡಿದು ನೋಡುವವರು ಮೊದಲಿನಷ್ಟಿರಲಿಲ್ಲ. ಆಸ್ಪತ್ರೆಗೆ ಒಯ್ದಾಗ ತಡವಾಗಿತ್ತು.

ಮಣ್ಣು ಮಾಡಿ ಬಂದ ಸಂಜೆ ಗಂಗುಬಾಯಿ ಬುಟ್ಟಿಯಿಲ್ಲದೆ ಹನುಮವ್ವನ ಮನೆಗೆ ಹೋದಳು. ಎಲ್ಲರ ಎದುರಿಗೆ ನೆಲಕ್ಕೆ ತಲೆ ಹಚ್ಚಿ, ಚಿತ್ರ ತೆಗೆದವಳು ನಾನು ಎಂದಳು. ಭುವನೇಶ್ವರಿ ಒಲೆಯ ಮುಂದಿದ್ದಳು.

"ನನಗ ಗೊತ್ತದ," ಎಂದಳು.

ಚಿತ್ರದಲ್ಲಿ ಕೂಸಿನ ಬಳೆಗೆ, ಜಾರಬಾರದೆಂದು ಗಂಗುಬಾಯಿ ಸುತ್ತಿದ ಹಳದಿ ದಾರವಿತ್ತು. ಕೂಸು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆಂದು, ನೀರು ತಂದಿಟ್ಟ ಕೂಡಲೇ ಭುವನೇಶ್ವರಿಯೇ ಹಲ್ಲಿನಿಂದ ಕಡಿದು ಬಿಸಾಡಿದ್ದಳು. ಆ ನಡುವೆ ಮನೆಯಲ್ಲಿದ್ದವಳು ಗಂಗುಬಾಯಿ ಒಬ್ಬಳೇ.

"ಅವತ್ತೇ ಗೊತ್ತಾತು. ಅಂವ ಖರೇ ಅಂದ, ನಾ ಸುಮ್ಮನಿದ್ದೆ. ಅಂವ ನನ್ನ ಕೂಸಿನ ಅಳಿಸ್ಯಾನ, ಅನ್ನಿಸಿಕೊಳ್ಳಲಿ ಅಂತ ಸುಮ್ಮನಿದ್ದೆ." ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಇನ್ನ ಹೇಳೋಣು ಅಂದ್ರ ಯಾರಿಗಿ ಹೇಳ್ಲಿ?"

ಗಲ್ಲಿಯ ಫೋನುಗಳು ಈಗ ಒಂದೊಂದಾಗಿ ಕೆಡುತ್ತಿವೆ. ಕೆಟ್ಟು ಮೊದಲಿನಿಂದ ಶುರುವಾದರೆ ಅವು ಕೇಳುವುದು ಕಾಶಿನಾಥನ ಪಾಸ್‌ವರ್ಡನ್ನು, ಅದು ಯಾರಿಗೂ ತಿಳಿಯದು. ಹಾಗಾಗಿ ನಿಧಾನವಾದರೂ, ಬಿಸಿಯಾದರೂ ಯಾರೂ ಮುಟ್ಟದೆ ಹಾಗೇ ನಡೆಸುತ್ತಾರೆ. ಮೂಲೆಯ ವೃತ್ತದಲ್ಲಿ ಖಾಕಿ ಅಂಗಿಯ ಮುಖ ಇನ್ನೂ ಇದೆ. ಅವನ ಕಣ್ಣಿಗೆ ಹೆದರಿ ಕುಂಚಿಗೆ ಎಳೆದವರ ಫೋನಿನಲ್ಲೂ ಇದೆ, ಆಗಲೂ ಇತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿದಿದ್ದವನು ಅವನೊಬ್ಬನೇ.